ಸಿಡಿಲು ಸತ್ತ ಎಣ್ಣೆ

ಹುಳಿಯಾರಿನ ಆಚೆಯ ಗೊಲ್ಲರಹಟ್ಟಿಯಲ್ಲಿ ಕ್ಯಾತಪ್ಪನನ್ನು ಎಲ್ಲರೂ ಕರೆಯುತ್ತಿದ್ದದ್ದು ಟಗರು ಬಿಡಿಸಲು. ಎರಡು ಟಗರು ಕೊಂಬಿಗೆ ಕೊಂಬು ಕೊಟ್ಟು ಗುದ್ದಾಟಕ್ಕೆ ನಿಂತರೆ ಉಳಿದವರು ದೊಣ್ಣೆ ಹಿಡಿದು ಕೂಗಾಡುತ್ತಿದ್ದರು. ಕ್ಯಾತಪ್ಪ ಮಾತ್ರ ಕಂಬಳಿ ಹಿಡಿದು ತೆಪ್ಪಗೆ ಕಾಯುತ್ತಿದ್ದ. ಇನ್ನೊಂದು ಗುದ್ದಿಗೆಂದು ಟಗರುಗಳು ನಾಲ್ಕು ಹೆಜ್ಜೆ ಹಿಂದಕ್ಕೆ ಸರಿಯುತ್ತವಲ್ಲ, ಆಗ ನಡುವೆ ಕಂಬಳಿ ಬೀಸಿಬಿಡುತ್ತಿದ್ದ. ಎದುರಿನವನು ಕಾಣದೆ ಹೋದ ಮೇಲೆ ಟಗರುಗಳಿಗೆ ಜಗಳ ಯಾತಕ್ಕೆ ಅನ್ನುವುದೇ ಮರೆತುಹೋಗಿ, ಹುಲ್ಲಿಗೆ ಬಾಯಿ ಹಾಕುತ್ತಿದ್ದವು.

ಜಗಳ ಅಂದರೆ ಅವನಿಗೆ ಮೈಯೆಲ್ಲ ಬೆವರು. ಯಾರಾದರೂ ದನಿ ಎತ್ತರಿಸಿದರೆ ಅವರು ಹೇಳಿದ್ದಕ್ಕೆಲ್ಲ ಹೂಂ ಅಂದು ಜಾಗ ಖಾಲಿ ಮಾಡುವ ಜಾಯಮಾನ. ಅವನ ಹೆಂಡತಿ ಕಾಳಕ್ಕನಂತೂ, "ನಮ್ಮನೆಯವರಿಗೆ ಇಲ್ಲ ಅನ್ನೋ ಮಾತು ಗಂಟಲಲ್ಲೇ ಹುಟ್ಟಿಲ್ಲ ಕಣೇ" ಎಂದು ಓರಗೆಯವರೆದುರು ನಗಾಡುತ್ತಿದ್ದಳು. ಇಂಥ ಮನುಷ್ಯನಿಗೆ, ಐಟಿಐ ಮುಗಿಸಿದ್ದ ಪುಣ್ಯಕ್ಕೆ, ಬೆಣಚುಕಲ್ಲು ಗೇಟಿನ ಕರೆಂಟು ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್ ಕೆಲಸ ಸಿಕ್ಕಿತು. ಚಿಕ್ಕನಾಯಕನಹಳ್ಳಿಯಿಂದ ಬರುವ ರಸ್ತೆಯ ಪಕ್ಕ, ಸುತ್ತಲೂ ತೆಂಗಿನ ತೋಟ, ನಡುವೆ ತಂತಿಬೇಲಿ ಹಾಕಿದ ಜಲ್ಲಿಕಲ್ಲಿನ ಅಂಗಳ. ತೋಟಗಳ ಬೋರ್‌ವೆಲ್ ಮೋಟರುಗಳಿಗೆಲ್ಲ ಅಲ್ಲಿಂದಲೇ ಕರೆಂಟು.

ಆ ಕಾಲಕ್ಕೆ, ಅಂದರೆ ತೊಂಬತ್ತರ ದಶಕದ ಮೊದಲಲ್ಲಿ, ಅಲ್ಲಿದ್ದದ್ದು ಎಣ್ಣೆಯ ಬ್ರೇಕರು. ಆಳೆತ್ತರದ ಕಬ್ಬಿಣದ ಪೆಟ್ಟಿಗೆ, ಅದರೊಳಗೆ ಎಣ್ಣೆ ತುಂಬಿದ ತೊಟ್ಟಿ. ಗಾಳಿಗೆ ತೆಂಗಿನ ಗರಿ ಕಳಚಿ ಲೈನಿನ ಮೇಲೆ ಬಿದ್ದರೆ ಸಾಕು, ಪೆಟ್ಟಿಗೆಯೊಳಗೆ ಧಡ್ಡೆಂದು ಸದ್ದಾಗಿ ಕರೆಂಟು ಕಡಿದುಹೋಗುತ್ತಿತ್ತು. ಕ್ಯಾತಪ್ಪ ಲೈನ್‌ಮ್ಯಾನನ್ನು ಕಳಿಸಿ, ಗರಿ ತೆಗೆಸಿ, ಮತ್ತೆ ಬ್ರೇಕರ್ ಹಾಕಬೇಕು. ಅವನ ಉದ್ಯೋಗವೇ ಅದು.

ಮೊದಲ ಸಲ ತೊಟ್ಟಿ ಬಿಚ್ಚಿದ ದಿನ ಎಂಜಿನಿಯರ್ ನಾಗಭೂಷಣ ಬಂದಿದ್ದರು. ತಿಪಟೂರಿನಲ್ಲಿ ಮನೆ, ಇಸ್ತ್ರಿ ಮಾಡಿದ ಅಂಗಿ, ಪಾಠ ಹೇಳುವುದೆಂದರೆ ಬಲು ಇಷ್ಟ.

"ಸ್ವಿಚ್ ಆರಿಸಿದ ತಕ್ಷಣ ಕರೆಂಟು ನಿಂತುಬಿಡುತ್ತೆ ಅಂದ್ಕೊಂಡಿದ್ದೀಯಾ, ಕ್ಯಾತಪ್ಪ?"

"ಹೂಂ ಸಾ."

"ಇಲ್ಲ. ಇದು ಹನ್ನೊಂದು ಸಾವಿರ ವೋಲ್ಟು. ಒಂದಕ್ಕೊಂದು ಒತ್ತಿಕೊಂಡಿರೋ ಈ ಎರಡು ತಾಮ್ರದ ಕಾಂಟ್ಯಾಕ್ಟನ್ನ ಎಳೆದು ಬೇರೆ ಮಾಡಿದ್ರೂ ಕರೆಂಟು ಕೈ ಬಿಡಲ್ಲ. ಮಧ್ಯದ ಸಂದಿನಲ್ಲೇ ಕಿಡಿಯಾಗಿ ಹಾರಿ ಆ ಕಡೇದನ್ನ ಹಿಡ್ಕೊಳ್ಳುತ್ತೆ. ಅದಕ್ಕೇ ಆರ್ಕ್ ಅನ್ನೋದು. ಬಿಟ್ರೆ ತಾಮ್ರಾನೇ ಕರಗಿಸಿಬಿಡುತ್ತೆ."

"ಅಯ್ಯೋ. ಮತ್ತೆ ಎಣ್ಣೆ ಯಾಕೆ ಸಾ? ಹತ್ಕಂಡು ಉರಿಯಾಕಿಲ್ವಾ?"

"ಒಳಗೆ ಗಾಳಿ ಇಲ್ಲ, ಉರಿಯಲ್ಲ. ಆ ಕಿಡಿಯ ಶಾಖಕ್ಕೆ ಎಣ್ಣೆ ಕುದ್ದು ಗ್ಯಾಸಾಗುತ್ತೆ. ಗ್ಯಾಸು ರಭಸವಾಗಿ ನುಗ್ಗಿ ಕಿಡಿಯನ್ನ ತಣ್ಣಗೆ ಮಾಡುತ್ತೆ. ನಮ್ಮ ಕರೆಂಟು ಅತ್ತ ಹೋಗುತ್ತೆ, ಇತ್ತ ಬರುತ್ತೆ. ತಿರುಗೋ ಗಳಿಗೆಯಲ್ಲಿ ಒಂದ್ಸಲ ಪೂರ್ತಿ ಸೊನ್ನೆ. ಆಗ ಕಿಡಿ ತಾನಾಗೇ ಆರುತ್ತೆ. ಮತ್ತೆ ಹತ್ತಿಕೊಳ್ಳದ ಹಾಗೆ ಆ ಸಂದನ್ನ ಕಾಪಾಡಿದ್ರೆ ಬ್ರೇಕರ್ ಗೆದ್ದ ಹಾಗೆ."

ಕ್ಯಾತಪ್ಪನ ಮುಖ ಅರಳಿತು. "ಟಗರು ಹಿಂದಕ್ಕೆ ಸರೀತವಲ್ಲ ಸಾ, ಆವಾಗ ಕಂಬಳಿ ಬೀಸ್ದಂಗೆ!"

ಟಗರು ಕಾಳಗ ನೋಡಿಯೇ ಗೊತ್ತಿಲ್ಲದ ನಾಗಭೂಷಣ, "ಆ ಬೋಲ್ಟ್ ಬಿಗಿ ಮಾಡು" ಎಂದರು.

ಪ್ರತಿ ಸಲ ಕಿಡಿ ಸತ್ತಾಗಲೂ ಎಣ್ಣೆಯಲ್ಲಿ ಒಂದಿಷ್ಟು ಮಸಿ ಉಳಿಯುತ್ತದೆ. ಹಾಗಾಗಿ ವರ್ಷಕ್ಕೊಮ್ಮೆ ಹಳೆಯ ಎಣ್ಣೆ ತೆಗೆದು ಹೊಸತು ತುಂಬಬೇಕು. ತೆಗೆದ ಎಣ್ಣೆ ಕಾಡಿಗೆಯಷ್ಟು ಕಪ್ಪಗೆ, ಘಾಟು ವಾಸನೆ. ಒಂದು ವರ್ಷ ಹಾಗೆ ತೆಗೆಯುವಾಗ ಕ್ಯಾತಪ್ಪನ ಭುಜದ ಮೇಲೆ ಒಂದು ಚೆಂಬಿನಷ್ಟು ಚೆಲ್ಲಿತು. ಸೋಪು ಹಾಕಿ ತಿಕ್ಕಿ ತಿಕ್ಕಿ ತೊಳೆದ. ಎರಡು ವಾರದಿಂದ ಹಿಡಿದುಕೊಂಡಿದ್ದ ಭುಜ ಮಾರನೆಯ ದಿನ ಬಿಟ್ಟಿತ್ತು. ತಿಕ್ಕಿದ್ದಕ್ಕೆ ಬಿಟ್ಟಿತೋ, ತಾನಾಗಿ ಬಿಡುವ ದಿನವೇ ಬಂದಿತ್ತೋ, ಅವನು ಅದರ ಯೋಚನೆಗೇ ಹೋಗಲಿಲ್ಲ. ಆದರೆ ಕಾಳಕ್ಕ ಹೋದಳು. ನಲ್ಲಿಯ ಹತ್ತಿರ ಕೊಡ ಇಟ್ಟುಕೊಂಡು ನಿಂತವಳು ಬ್ರೇಕರಿನ ಎಣ್ಣೆಯಿಂದಲೇ ಭುಜ ಬಿಟ್ಟಿತೆಂದು ಪಕ್ಕದ ಲಕ್ಷ್ಮಿದೇವಮ್ಮನಿಗೆ ಹೇಳಿಯೂಬಿಟ್ಟಳು.

ಲಕ್ಷ್ಮಿದೇವಮ್ಮ ಊರಿನ ಹಿರಿಯ ಮುದುಕಿ. ಎರಡು ಮಂಡಿಯ ನೋವನ್ನೂ ಇಬ್ಬರು ಸೊಸೆಯರ ಹಾಗೆ ಬೇರೆಬೇರೆಯಾಗಿ ಬೈಯುತ್ತಿದ್ದವಳು. ಮರುದಿನ ಬೆಳಿಗ್ಗೆಯೇ ಒಂದು ಬಾಟಲಿ ಹಿಡಿದು ಸಬ್‌ಸ್ಟೇಷನ್ ಗೇಟಿಗೆ ಬಂದಳು.

"ಕ್ಯಾತಪ್ಪ, ಆ ಸಿಡಿಲು ಸತ್ತ ಎಣ್ಣೆ ಒಂದೀಟು ಹಾಕು ಕಣಪ್ಪ."

"ಅಂಗೆಲ್ಲ ಕೊಡಂಗಿಲ್ಲ ಕಣಮ್ಮ. ಅದು ಕರೆಂಟು ಬೋರ್ಡಿನ ಎಣ್ಣೆ. ಮೈಗೆ ಹಚ್ಚಿದ್ರೆ ಚರ್ಮ ಕೆಡ್ತದೆ."

"ಸಿಡಿಲನ್ನೇ ನುಂಗ್ಕಂಡು ಅರಗಿಸ್ಕಂಡ ಎಣ್ಣೆಗೆ ನನ್ನ ಮಂಡಿ ಯಾವ ಲೆಕ್ಕವಾ? ನಿನ್ನ ಭುಜಕ್ಕಾದ್ರೆ ಆಯ್ತದೆ, ನನಗಾದ್ರೆ ಕೆಡ್ತದಾ?"

ದನಿ ಎತ್ತರವಾಯಿತು. ಕ್ಯಾತಪ್ಪನಿಗೆ ಬೆವರು ಕಿತ್ತುಕೊಂಡಿತು. "ನಾಳೆ ಬಾರವ್ವ" ಅಂದುಬಿಟ್ಟ.

ಅವತ್ತು ಸಂಜೆ ಚಿಕ್ಕನಾಯಕನಹಳ್ಳಿಯ ಫಕ್ರುದ್ದೀನನ ಅಂಗಡಿಗೆ ಹೋಗಿ ಗೋಳು ತೋಡಿಕೊಂಡ. ಫಕ್ರುದ್ದೀನ್ ಸುಟ್ಟ ಮೋಟರುಗಳಿಗೆ ತಂತಿ ಸುತ್ತುವವನು, ಕ್ಯಾತಪ್ಪನ ಹಳೆಯ ಗೆಳೆಯ. ಟೀ ಹೀರುತ್ತಾ ಅವನು ಹೇಳಿದ್ದು ಇಷ್ಟೇ: "ಅವರಿಗೆ ಬೇಕಾಗಿರೋದು ಕರಿ ಎಣ್ಣೆ ತಾನೇ? ಕರೀದೇ ಕೊಡಪ್ಪ. ಯಾವ ಎಣ್ಣೆ ಅಂತ ಯಾರು ಕೇಳ್ತಾರೆ?"

ಅಲ್ಲಿಂದ ಮನೆಗೆ ಬಂದು ಕ್ಯಾತಪ್ಪ ತೆಂಗಿನ ಕರಟ ಸುಟ್ಟ. ಕಾಳಕ್ಕ ಮಸಿಯನ್ನು ನುಣ್ಣಗೆ ಅರೆದು ಕೊಬ್ಬರಿ ಎಣ್ಣೆಗೆ ಕಲಸಿದಳು. ಅದನ್ನು ಒಂದು ಡಬ್ಬಕ್ಕೆ ತುಂಬಿ, ಕಂಟ್ರೋಲ್ ರೂಮಿನಲ್ಲಿ ಬ್ರೇಕರಿನ ಪೆಟ್ಟಿಗೆಯ ಪಕ್ಕ ಇಟ್ಟ. ಬಂದವರನ್ನು ಗೇಟಿನ ಹೊರಗಿನ ಹೊಂಗೆ ಮರದ ಕೆಳಗೆ ಕೂರಿಸಿ, ಒಳಗೆ ಹೋಗಿ ಡಬ್ಬದಿಂದ ಬಗ್ಗಿಸಿ ತಂದುಕೊಡುತ್ತಿದ್ದ. ಬ್ರೇಕರಿನ ಎಣ್ಣೆ ಎಂದು ಅವನು ಬಾಯಿಬಿಟ್ಟು ಹೇಳಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ.

ಲಕ್ಷ್ಮಿದೇವಮ್ಮ ವಾರದೊಳಗೆ ದೇವಸ್ಥಾನದ ಮೆಟ್ಟಿಲು ಹತ್ತಿದಳು. ಅಷ್ಟು ಸಾಕಾಯಿತು. ಮೊದಲು ಅಕ್ಕಪಕ್ಕದ ಊರಿನವರು, ಆಮೇಲೆ ತುರುವೇಕೆರೆಯಿಂದ ಬಸ್ಸಿನಲ್ಲಿ, ಹೊನ್ನವಳ್ಳಿಯಿಂದ ಸ್ಕೂಟರಿನಲ್ಲಿ ಜನ ಬಂದರು. ಹಾಲ್ಕುರಿಕೆಯ ಒಬ್ಬಾತ ಬೋಳುತಲೆಗೆ ಹಚ್ಚಿಕೊಂಡು, ಕೂದಲು ಬರದಿದ್ದರೂ ದೂರದಿಂದ ತಲೆ ಕಪ್ಪಗೆ ಕಾಣುತ್ತದೆಂದು ಇನ್ನೊಂದು ಬಾಟಲಿ ಒಯ್ದ. ಹೊಂಗೆ ಮರದ ಕೆಳಗೆ ಕೂತವರಿಗೆ ಒಳಗಿನಿಂದ ಧಡ್ಡೆಂದು ಕೇಳಿಸಿದರೆ, ಊರಿಗೆಲ್ಲ ಕರೆಂಟು ಹೋದದ್ದನ್ನು ಮರೆತು, "ಹೊಸ ಸಿಡಿಲು ಬಿತ್ತು ನೋಡ್ಲಾ, ಇವತ್ತಿನ ಎಣ್ಣೆ ಖಡಕ್ಕಾಗಿರ್ತದೆ" ಎಂದು ಸಂಭ್ರಮಿಸುತ್ತಿದ್ದರು. ಕ್ಯಾತಪ್ಪ ಯಾರಿಂದಲೂ ಬಿಡಿಗಾಸು ಮುಟ್ಟಲಿಲ್ಲ. ಆದರೆ ಮನೆಯಲ್ಲಿ ಅಡುಗೆಗೆ ಕೊಬ್ಬರಿ ಎಣ್ಣೆ ಉಳಿಯದೆ, ಕಾಳಕ್ಕ ಒಗ್ಗರಣೆಯಿಲ್ಲದ ಸಾರು ಬಡಿಸತೊಡಗಿದಳು.

ಹೀಗೆ ವರ್ಷಗಳು ಕಳೆದವು. ಎಲ್ಲರೂ ಸುಖವಾಗಿದ್ದರು. ಆಗ ಬೋರ್ಡಿನವರು ಹೊಸ ಬ್ರೇಕರು ಕಳಿಸಿದರು.

ಸಾವಿರದ ಒಂಬೈನೂರ ತೊಂಬತ್ತೊಂಬತ್ತರ ಬೇಸಿಗೆ. ಲಾರಿಯಲ್ಲಿ ಬಂದ ಹೊಸ ಪೆಟ್ಟಿಗೆಯನ್ನು ನಾಗಭೂಷಣ ಮದುಮಗನನ್ನು ಇಳಿಸಿಕೊಳ್ಳುವ ಹಾಗೆ ಇಳಿಸಿಕೊಂಡರು. ಹಳೆಯ ಎಣ್ಣೆಯ ತೊಟ್ಟಿ ಅದೇ ಲಾರಿ ಹತ್ತಿ ಹೋಯಿತು. ಹೊಸ ಪೆಟ್ಟಿಗೆಯಲ್ಲಿ ತೊಟ್ಟಿಯೂ ಇಲ್ಲ, ಎಣ್ಣೆಯೂ ಇಲ್ಲ. ಉಪ್ಪಿನಕಾಯಿ ಭರಣಿಯಂಥ ಮೂರು ಬಿಳಿಯ ಪಿಂಗಾಣಿ ಬಾಟಲಿಗಳು, ಅಷ್ಟೇ.

"ಒಳಗೇನೈತೆ ಸಾ?" ಎಂದು ಕ್ಯಾತಪ್ಪ ಕೇಳಿದ.

"ಏನೂ ಇಲ್ಲ. ವ್ಯಾಕ್ಯೂಮ್. ಗಾಳಿಯನ್ನೂ ಎಳೆದು ತೆಗೆದು ಮುಚ್ಚಿಬಿಟ್ಟಿದ್ದಾರೆ. ಕಿಡಿ ಹೊತ್ತಿಕೊಂಡಿರೋದಕ್ಕೆ ಏನಾದ್ರೂ ಬೇಕಲ್ಲ? ಒಳಗೆ ಏನೂ ಇಲ್ಲ. ಕಾಂಟ್ಯಾಕ್ಟಿನಿಂದ ಒಂದಿಷ್ಟು ಲೋಹ ಆವಿಯಾಗಿ ಅದರಲ್ಲೇ ಕಿಡಿ ನಿಲ್ಲುತ್ತೆ. ಕರೆಂಟು ಸೊನ್ನೆಗೆ ಇಳಿದ ತಕ್ಷಣ ಆ ಆವಿಯೂ ತಣ್ಣಗಾಗಿ ಗೋಡೆಗೆ ಅಂಟಿಕೊಳ್ಳುತ್ತೆ. ಕಿಡಿಗೆ ಕಾಲೂರೋಕೆ ಜಾಗವೇ ಇಲ್ಲ. ಕಾಂಟ್ಯಾಕ್ಟು ಬೆರಳಗಲ ಸರಿದ್ರೂ ಸಾಕು."

ಹೀಗೆ ಸದ್ದುಗದ್ದಲವಿಲ್ಲದೆ ಕಿಡಿಯ ಜಗಳ ಬಿಡಿಸುವುದು ಬೇರೆ ಸಮಯದಲ್ಲಾಗಿದ್ದರೆ ಕ್ಯಾತಪ್ಪನಿಗೆ ಬಲು ಇಷ್ಟವಾಗುತ್ತಿತ್ತು. ಆದರೆ ಅವನ ಕಣ್ಣು ಗೇಟಿನ ಕಡೆಗಿತ್ತು. ಎಣ್ಣೆಯ ತೊಟ್ಟಿ ಲಾರಿ ಹತ್ತಿದ್ದನ್ನು ಹೊಂಗೆ ಮರದ ಕೆಳಗಿನವರೆಲ್ಲ ನೋಡಿಯಾಗಿತ್ತು. ಬ್ರೇಕರಿನಲ್ಲಿ ಎಣ್ಣೆ ಇಲ್ಲ ಅಂದ ಮೇಲೆ ಅವನ ಡಬ್ಬದಲ್ಲಿ ಎಣ್ಣೆ ಎಲ್ಲಿಂದ ಬರಬೇಕು? ಇನ್ನೂ ಕೊಟ್ಟರೆ ಇಷ್ಟು ದಿನ ಕೊಟ್ಟದ್ದೂ ಸುಳ್ಳಾಗುತ್ತದೆ. ಕೊಡದಿದ್ದರೆ ಜಗಳ. ಅವನು ಡಬ್ಬವನ್ನು ಮೇಜಿನ ಕೆಳಗೆ ತಳ್ಳಿದ.

ಎರಡೇ ದಿನಕ್ಕೆ, ನಾಗಭೂಷಣ ಇನ್ನೂ ಅಲ್ಲಿದ್ದಾಗಲೇ, ಪಂಚಾಯ್ತಿ ಮೆಂಬರ್ ಬಸವರಾಜಪ್ಪ ದಂಡು ಕಟ್ಟಿಕೊಂಡು ಬಂದ. ಜೊತೆಗೆ ಮಂಡಿಯವರು, ಸೊಂಟದವರು, ಕತ್ತು ತಿರುಗದವರು.

"ಏನ್ ಸಾರ್, ನಮ್ಮ ಎಣ್ಣೆ ಬ್ರೇಕರ್ ಎಲ್ಲಿ?"

"ಅದು ಹಳೇದಾಯ್ತು ಬಸವರಾಜಪ್ಪನವರೇ. ಇದು ಹೊಸ ಮಾದರಿ."

"ಇದ್ರಲ್ಲಿ ಏನೈತೆ?"

"ಏನೂ ಇಲ್ಲ."

ಬಸವರಾಜಪ್ಪ ಹಿಂದಕ್ಕೆ ತಿರುಗಿ ತನ್ನ ದಂಡನ್ನು ನೋಡಿದ. "ಕೇಳಿಸ್ಕಂಡ್ರೇನ್ರಪ್ಪ? ಏನೂ ಇಲ್ವಂತೆ. ಬಾಯಲ್ಲೇ ಒಪ್ಕಂಡವ್ರೆ." ಮತ್ತೆ ನಾಗಭೂಷಣರ ಕಡೆ ತಿರುಗಿ, "ಲಾರಿಗಟ್ಲೆ ದುಡ್ಡು ಸುರಿದು ಬೋರ್ಡಿನೋರು ಖಾಲಿ ಬಾಟ್ಲಿ ಕಳಿಸ್ತಾರೆ ಅಂದ್ರೆ ನಾವು ನಂಬಬೇಕಾ? ಒಳಗಿದ್ದಿದ್ದು ಎಲ್ಲೋಯ್ತು, ಅದನ್ನ ಹೇಳಿ."

"ಅಯ್ಯೋ, ಖಾಲಿ ಇರೋದೇ ಅದರ ಗುಣ ಕಣ್ರೀ! ಒಳಗೆ ಏನಾದ್ರೂ ಇದ್ದಿದ್ರೆ ಅದು ಹಾಳು ಅಂತ ಅರ್ಥ!"

"ಅಂದ್ರೆ ತುಂಬಿದ್ದಿದ್ರೆ ಹಾಳು, ಖಾಲಿ ಇದ್ರೆ ಸರಿ. ಭಲೇ. ಈ ಲೆಕ್ಕ ನಮ್ಮ ಹಾಲಿನ ಡೈರೀಲಿ ಹೇಳಿ, ಒಪ್ತಾರೇನೋ."

ನಾಗಭೂಷಣರ ದನಿಯೂ ಏರಿತು, ಬಸವರಾಜಪ್ಪನದೂ ಏರಿತು. ಇಬ್ಬರ ನಡುವೆ ನಿಂತ ಕ್ಯಾತಪ್ಪ ಇಬ್ಬರಿಗೂ ಹೂಂ ಹೂಂ ಅನ್ನುತ್ತಿದ್ದ. ಕೊನೆಗೆ ಬಸವರಾಜಪ್ಪ ಮೇಲಿನವರಿಗೆ ದೂರು ಕೊಟ್ಟೇಬಿಟ್ಟ: ಬೆಣಚುಕಲ್ಲು ಗೇಟಿನ ಬ್ರೇಕರಿನೊಳಗಿನ ಸಾಮಾನು ಕಾಣೆಯಾಗಿದೆ, ಎಂಜಿನಿಯರೇ ಒಪ್ಪಿಕೊಂಡಿದ್ದಾರೆ.

ವಿಚಾರಣೆಗೆ ಬಂದವರು ರಂಗನಾಥ ಎಂಬ ಅಧಿಕಾರಿ. ತುಂಬ ಶಿಸ್ತಿನ ಮನುಷ್ಯ, ಲೆಕ್ಕಪತ್ರ ವಿಭಾಗದವರು. ಅವರು ಪಿಂಗಾಣಿ ಬಾಟಲಿಗಳನ್ನು ಮೂರು ಕಡೆಯಿಂದಲೂ ನೋಡಿ ಕೇಳಿದರು: "ಒಳಗೆ ಏನೂ ಇಲ್ಲ ಅನ್ನೋದಕ್ಕೆ ಪುರಾವೆ ಏನಿದೆ?"

"ಬಿಚ್ಚಿ ತೋರಿಸಬಹುದು ಸರ್," ಎಂದರು ನಾಗಭೂಷಣ ಸುಸ್ತಾಗಿ, "ಆದ್ರೆ ಬಿಚ್ಚಿದ್ರೆ ಗಾಳಿ ನುಗ್ಗುತ್ತೆ. ಆಮೇಲೆ ಒಳಗೆ ಏನೂ ಇಲ್ಲ ಅನ್ನೋ ಮಾತು ಸುಳ್ಳಾಗುತ್ತೆ."

"ಅಂದ್ರೆ ನೋಡಿದ್ರೆ ಇರಲ್ಲ."

"ಹೌದು ಸರ್. ಅಂದ್ರೆ, ಇರುತ್ತೆ. ಏನೂ ಇಲ್ಲದಿರೋದು ಇರಲ್ಲ."

ರಂಗನಾಥರು ಕನ್ನಡಕ ತೆಗೆದು ಒರೆಸಿಕೊಂಡರು. ಕ್ಯಾತಪ್ಪ ಅವರಿಗೆ ಒಂದು ಲೋಟ ಮಜ್ಜಿಗೆ ತಂದುಕೊಟ್ಟ.

ಕೊನೆಗೆ ಪರೀಕ್ಷೆ ಮಾಡುವುದೆಂದು ತೀರ್ಮಾನವಾಯಿತು. ಅದಕ್ಕೆ ಒಂದು ಯಂತ್ರವಿದೆ. ಬ್ರೇಕರನ್ನು ಲೈನಿನಿಂದ ಬಿಡಿಸಿ, ಕಾಂಟ್ಯಾಕ್ಟುಗಳನ್ನು ತೆರೆದಿಟ್ಟು, ಎರಡೂ ತುದಿಗೆ ಭಾರೀ ವೋಲ್ಟೇಜು ಕೊಡುತ್ತಾರೆ. ಒಳಗೆ ಗಾಳಿ ಸೇರಿದ್ದರೆ ಕಿಡಿ ಹಾರಿ ಯಂತ್ರ ಕಿರುಚಿಕೊಳ್ಳುತ್ತದೆ. ನಿರ್ವಾತ ಸರಿಯಾಗಿದ್ದರೆ ಏನೂ ಆಗುವುದಿಲ್ಲ. ಯಂತ್ರ ವ್ಯಾನಿನಲ್ಲಿ ಬರುತ್ತದೆಂಬ ಸುದ್ದಿ ಹಬ್ಬಿ, ಆ ದಿನ ತಂತಿಬೇಲಿಯ ಹೊರಗೆ ಜನ ಜಮಾಯಿಸಿದರು. ಕಡಲೆಕಾಯಿ ಮಾರುವವನೂ ಬಂದ. ಲಕ್ಷ್ಮಿದೇವಮ್ಮನಿಗೆ ಮುಂದೆ ಕುರ್ಚಿ ಹಾಕಿದ್ದರು.

ಕ್ಯಾತಪ್ಪನಿಗೆ ಮಾತ್ರ ಬೇರೆಯೇ ಚಿಂತೆ. ಬಾಟಲಿಯಲ್ಲಿ ಏನೂ ಇಲ್ಲ ಎಂದು ಸಾಬೀತಾದರೆ ಸಾಹೇಬರು ಬಚಾವು. ಆದರೆ ಅದಾದ ಮೇಲೆ ಯಾರಾದರೂ, ಹಾಗಾದರೆ ಹಿಂದೆ ಏನಿತ್ತು, ಕ್ಯಾತಪ್ಪ ಕೊಡುತ್ತಿದ್ದದ್ದು ಏನು ಎಂದು ಕೇಳಿಯೇ ಕೇಳುತ್ತಾರೆ. ಅವನು ಯಂತ್ರದ ಗುಂಡಿಯನ್ನು ನೋಡುತ್ತಾ ನಿಂತ.

ನಾಗಭೂಷಣ ಗುಂಡಿ ತಿರುಗಿಸಿದರು. ಮುಳ್ಳು ಏರಿತು. ಇನ್ನೂ ಏರಿತು. ಬೇಲಿಯ ಹೊರಗೆ ಕಡಲೆಕಾಯಿ ಸುಲಿಯುವ ಸದ್ದೂ ನಿಂತಿತು. ಒಂದು ನಿಮಿಷ ಹಾಗೇ ಇಟ್ಟು, ನಾಗಭೂಷಣ ಮುಳ್ಳನ್ನು ಕೆಳಗಿಳಿಸಿ ಹಣೆ ಒರೆಸಿಕೊಂಡರು.

"ಆಯ್ತಾ?" ಎಂದರು ರಂಗನಾಥ.

"ಆಯ್ತು ಸರ್."

"ಏನಾಯ್ತು?"

"ಏನೂ ಆಗ್ಲಿಲ್ಲ ಸರ್! ಪಾಸು!"

ಬೇಲಿಯ ಹೊರಗೆ ಗುಲ್ಲೆದ್ದಿತು. "ಏನೂ ಆಗ್ದೆ ಇರೋದನ್ನ ನೋಡಾಕೆ ತುರುವೇಕೆರೆಯಿಂದ ಬಂದ್ವಾ?" ಎಂದು ಯಾರೋ ಕೂಗಿದರು. ಬಸವರಾಜಪ್ಪನಂತೂ, "ಏನೂ ಇಲ್ಲದ್ದಕ್ಕೆ ಏನೂ ಆಗದ ಪರೀಕ್ಷೆ! ಇದಕ್ಕೊಬ್ಬ ಆಫೀಸರು!" ಎಂದು ಬೇಲಿ ಅಲ್ಲಾಡಿಸತೊಡಗಿದ. ರಂಗನಾಥರು ಮೂರು ಬಾಟಲಿಗೂ ಪರೀಕ್ಷೆ ಮಾಡಿಸಿದರು. ಮೂರರಲ್ಲೂ ಏನೂ ಆಗಲಿಲ್ಲ. ಪ್ರತಿ ಸಲ ಏನೂ ಆಗದಿದ್ದಾಗಲೂ ಜನರ ಸಿಟ್ಟು ಒಂದು ಮೆಟ್ಟಿಲು ಏರಿತು.

ಮಧ್ಯಾಹ್ನದ ಹೊತ್ತಿಗೆ ಬ್ರೇಕರನ್ನು ಮತ್ತೆ ಲೈನಿಗೆ ಸೇರಿಸಿ ಕರೆಂಟು ಬಿಟ್ಟರು. ಕಂಟ್ರೋಲ್ ರೂಮಿನ ಫ್ಯಾನು ತಿರುಗಿತು. ಅಷ್ಟರಲ್ಲಿ ಎದುರಿನ ತೋಟದ ಕಡೆಯಿಂದ ಬಿಸಿಗಾಳಿ ಬೀಸಿ, ಉದ್ದನೆಯ ಹಸಿ ಗರಿಯೊಂದು ಮರದಿಂದ ಕಳಚಿ, ಎಲ್ಲರ ಕಣ್ಣೆದುರೇ ಲೈನಿನ ಎರಡು ತಂತಿಗೆ ಅಡ್ಡವಾಗಿ ಬಿತ್ತು. ಗರಿಯ ತುದಿಯಿಂದ ಚಟಚಟ ಎಂದು ನೀಲಿ ಬೆಳಕು ಎದ್ದಿತು. ಅದೇ ಕ್ಷಣ ಪೆಟ್ಟಿಗೆಯೊಳಗೆ ಟಕ್ಕೆಂದಿತು. ಅಡಿಕೆ ಕತ್ತರಿಸಿದಷ್ಟು ಸಣ್ಣ ಸದ್ದು. ನೀಲಿ ಬೆಳಕು ಮಾಯವಾಯಿತು. ಫ್ಯಾನು ನಿಧಾನಕ್ಕೆ ನಿಂತಿತು.

ಜನ ಹೋ ಎಂದು ಚಪ್ಪಾಳೆ ತಟ್ಟಿದರು. ಕರೆಂಟು ಹೋದದ್ದಕ್ಕೆ ಆ ಸೀಮೆಯಲ್ಲಿ ಚಪ್ಪಾಳೆ ಬಿದ್ದದ್ದು ಅದೇ ಮೊದಲು.

"ಏನೋ ಆಯ್ತು! ಏನೋ ಆಯ್ತು ಕಣ್ಲಾ!" ಎಂದು ಬಸವರಾಜಪ್ಪ ಬೇಲಿ ಬಿಟ್ಟು ಕೈಯೆತ್ತಿದ. "ಅಲ್ಲ ಸಾರ್, ಇಷ್ಟು ಚೆನ್ನಾಗಿ ಕರೆಂಟು ತೆಗೀತದೆ ಅಂತ ಮೊದ್ಲೇ ಹೇಳ್ಬಾರದಾ?"

ರಂಗನಾಥರು ವರದಿಯಲ್ಲಿ, ಪೆಟ್ಟಿಗೆಯೊಳಗೆ ಏನೂ ಇರತಕ್ಕದ್ದಲ್ಲ, ಏನೂ ಇಲ್ಲದಿರುವುದು ಪೂರ್ತಿಯಾಗಿ ಇದೆ, ಅದರಲ್ಲಿ ಯಾವ ಕೊರತೆಯೂ ಕಂಡುಬಂದಿಲ್ಲ ಎಂದು ಬರೆದು ಸಹಿ ಹಾಕಿದರು. ನಾಗಭೂಷಣ ಅದನ್ನು ಓದಿ, ತಮ್ಮ ಇಡೀ ಸರ್ವಿಸಿನಲ್ಲಿ ಇಷ್ಟು ನಿಖರವಾದ ವಾಕ್ಯ ಕಂಡಿಲ್ಲವೆಂದು ಕೈಕುಲುಕಿದರು.

ಜನ ಕರಗಿದರು. ಕುರ್ಚಿಯಲ್ಲಿ ಲಕ್ಷ್ಮಿದೇವಮ್ಮ ಮಾತ್ರ ಉಳಿದಿದ್ದಳು. ಕ್ಯಾತಪ್ಪ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತ. ಇನ್ನು ಹೇಳದೆ ವಿಧಿಯಿರಲಿಲ್ಲ.

"ಅಮ್ಮ, ನಿಂಗೊಂದು ಮಾತು ಹೇಳ್ಬೇಕು. ಆ ಎಣ್ಣೆ ಐತಲ್ಲ..."

"ಕೊಬ್ರಿ ಎಣ್ಣೆ ತಾನೇ?"

ಕುಕ್ಕರಗಾಲಲ್ಲಿದ್ದ ಕ್ಯಾತಪ್ಪ ಹಿಂದಕ್ಕೆ ಜಾರಿ ನೆಲಕ್ಕೆ ಕೂತ.

"ನಿನ್ನ ಮಖ ನೋಡು! ತೆಂಗಿನ ತೋಟದಾಗೆ ಹುಟ್ಟಿ, ಹಣ್ಣು ಮುದುಕಿಯಾಗಿವ್ನಿ, ಕೊಬ್ರಿ ಎಣ್ಣೆ ವಾಸ್ನೆ ಗೊತ್ತಾಗಾಕಿಲ್ವಾ? ನನಗೇ ಅಲ್ಲ, ಎಲ್ರಿಗೂ ಗೊತ್ತು. ಕರಟದ ಮಸಿ ಅಂತಾನೂ ಗೊತ್ತು. ಕಾಳಕ್ಕ ಅರೆಯೋ ಸದ್ದು ಬೀದಿಗೆಲ್ಲ ಕೇಳ್ತಿತ್ತು."

"ಮತ್ಯಾಕೆ ಅಷ್ಟು ದೂರದಿಂದ ಬತ್ತಿದ್ರಿ? ಎಲ್ರ ಮನೇಲೂ ಕೊಬ್ರಿ ಎಣ್ಣೆ ಐತಲ್ಲ!"

"ಎಣ್ಣೆ ಐತೆ ಕಣಪ್ಪ, ಸಿಡಿಲು ಇಲ್ವಲ್ಲ," ಎಂದಳು ಮುದುಕಿ, ದಡ್ಡನಿಗೆ ತಿಳಿಹೇಳುವ ತಾಳ್ಮೆಯಲ್ಲಿ. "ನೀನು ಡಬ್ಬಾನ ಆ ಪೆಟ್ಟಿಗೆ ಮಗ್ಗುಲಲ್ಲಿ ಇಡ್ತಿದ್ದೆ. ಅದು ಧಡ್ ಅಂದಾಗೆಲ್ಲ ಎಣ್ಣೆ ಹೆದರ್ಕಂತಿತ್ತು. ಹೆದರಿದ ಎಣ್ಣೆ ಮೈಯೊಳಕ್ಕೆ ಬಿರ್ರನೆ ಇಳೀತದೆ. ಈಗಿನ ಪೆಟ್ಟಿಗೆ ಟಕ್ ಅಂತದೆ, ಅಷ್ಟೇ. ಅದಕ್ಕೆ ಎಣ್ಣೆ ಹೆದರ್ತದೋ ಇಲ್ವೋ ಅನ್ನೋದೇ ನಮ್ಮ ಯೋಚ್ನೆಯಾಗಿತ್ತು. ಬಸವರಾಜಪ್ಪ ಹುಚ್ಚುಮುಂಡೇದು, ಅದನ್ನ ಸರಿಯಾಗಿ ಕೇಳ್ದೆ ಕಳ್ಳತನ ಗಿಳ್ಳತನ ಅಂತ ಏನೇನೋ ಅಂದ."

ಕ್ಯಾತಪ್ಪ ಆ ದಿನ ಮನೆಗೆ ಹೋದಾಗ ಕಾಳಕ್ಕನಿಗೆ ನಡೆದದ್ದನ್ನೆಲ್ಲ ಹೇಳಿದ. ಅವಳು ನಗಲೂ ಇಲ್ಲ, ಬೈಯಲೂ ಇಲ್ಲ. "ಹಂಗಾದ್ರೆ ನಾಳೆಯಿಂದ ಅವರವರ ಎಣ್ಣೆ ಅವ್ರೇ ತರ್ಲಿ ಅಂತ ಹೇಳಿ" ಎಂದಳು.

ಇಲ್ಲ ಅನ್ನಬೇಕಾದ ಪ್ರಮೇಯ ಬರಲಿಲ್ಲವಾದ್ದರಿಂದ ಕ್ಯಾತಪ್ಪ ಹಾಗೇ ಹೇಳಿದ. ಜನ ಸಂತೋಷದಿಂದ ಒಪ್ಪಿದರು. ಹೊಸ ಬ್ರೇಕರಿಗೆ ಎಣ್ಣೆ ಹೆದರುತ್ತದೆಯೇ ಎಂಬ ಪ್ರಶ್ನೆಗೆ ಊರಲ್ಲಿ ಎರಡು ಪಕ್ಷವಾಯಿತು. ಜೋರು ಸದ್ದಿಗಿಂತ ಸದ್ದಿಲ್ಲದೆ ಬರುವುದೇ ಹೆಚ್ಚು ಹೆದರಿಸುತ್ತದೆ ಎಂಬ ಪಕ್ಷ ಕೊನೆಗೆ ಗೆದ್ದಿತು. ಬೇಲಿಯ ಕಂಬಿಗಳಿಗೆ ಬಾಟಲಿಗಳು ಸಾಲಾಗಿ ನೇತುಬಿದ್ದವು. ಜನ ಬೇಲಿಗೆ ಅಂಟಿಕೊಂಡು ನಿಲ್ಲುವುದು ಅಪಾಯವೆಂದು ನಾಗಭೂಷಣ ತಲೆ ಚಚ್ಚಿಕೊಂಡರು. ಮೇಲಿನವರಿಗೆ ಬರೆದು, ತಲೆಬುರುಡೆಯ ಚಿತ್ರವಿರುವ ಕೆಂಪು ಅಪಾಯದ ಫಲಕ ತರಿಸಿದರು.

ಫಲಕವನ್ನು ಕ್ಯಾತಪ್ಪನೇ ಹಾಕಬೇಕಾಯಿತು. ಬೇಲಿಗೆ ಹಾಕಿದರೆ ಜನ ಬೇಲಿಗೇ ಬರುತ್ತಾರೆ ಎಂದು ಯೋಚಿಸಿ, ಬೇಲಿಯಿಂದ ದೂರದಲ್ಲಿ, ರಸ್ತೆಯಂಚಿಗೆ ಒಂದು ಕಂಬ ನೆಟ್ಟು ಅದಕ್ಕೆ ಬಿಗಿದ. ಮಾರನೆಯ ಬೆಳಿಗ್ಗೆ ಬಂದು ನೋಡಿದರೆ ಬೇಲಿಯ ಮೇಲೆ ಒಂದು ಬಾಟಲಿಯೂ ಇರಲಿಲ್ಲ. ಎಲ್ಲವೂ ಆ ಕಂಬಕ್ಕೆ ಬಂದು, ಸಾಲುಸಾಲಾಗಿ ಹೊಡೆದ ಮೊಳೆಗಳಿಗೆ ನೇತುಬಿದ್ದಿದ್ದವು. ಬುರುಡೆಯನ್ನು ಕಂಡರೆ ಎಣ್ಣೆ ಇನ್ನೂ ಬೇಗ ಹೆದರುತ್ತದೆಯಂತೆ. ತಿಪಟೂರಿನಿಂದ ಬಂದ ನಾಗಭೂಷಣ ಜೀಪಿನಿಂದಿಳಿದು ಸೊಂಟ ಹಿಡಿದುಕೊಂಡು ಅದನ್ನು ಬಹಳ ಹೊತ್ತು ನೋಡಿದರು. ಜೀಪಿನ ಪ್ರಯಾಣಕ್ಕೆ ಅವರ ಬೆನ್ನು ಹಿಡಿದುಕೊಂಡಿತ್ತು. ಕ್ಯಾತಪ್ಪ ಕೊನೆಯ ಸಾಲಿನಲ್ಲಿ ಇನ್ನೊಂದು ಮೊಳೆ ಹೊಡೆಯಲು ಸುತ್ತಿಗೆ ತರಲೆಂದು ಒಳಗೆ ಹೋದ.